ಕೊಸರಿಗೆಂದು ಹಾಕಿದ ಮೂರು ತೂತು

ಗ್ಯಾರೇಜು ಕೆಲಸಕ್ಕೆ ಹೊಸದಾಗಿ ಇಳಿಯುವವರು ನನ್ನನ್ನು ಮೊದಲು ಕೇಳುವುದು, ನಟ್ಟು ಬಿಚ್ಚುವ ಯಾವ ಪಾನಾ ಸೆಟ್ ಕೊಳ್ಳಬೇಕು ಎಂದು. ಯಾವುದಾದರೂ ಕೊಳ್ಳಿ, ಅಂಗಡಿಯವನು ಹೇಳಿದ ಮೊದಲ ಬೆಲೆಗೆ ಮಾತ್ರ ಕೊಳ್ಳಬೇಡಿ ಎನ್ನುತ್ತೇನೆ. ಸೋಲಾಪುರದ ಅಕ್ಕಲಕೋಟ ರಸ್ತೆಯಲ್ಲಿ ನಲವತ್ತೈದು ವರ್ಷ ಟ್ರ್ಯಾಕ್ಟರು, ಟ್ರಾಲಿ, ಜೀಪು, ನೀರಿನ ಟ್ಯಾಂಕರು ಬಿಚ್ಚಿ ಜೋಡಿಸಿದವನು ನಾನು. ಅಷ್ಟೂ ವರ್ಷದಲ್ಲಿ ಎದುರಿನವನು ಹೇಳಿದ ಮೊದಲ ಬೆಲೆಗೆ ಒಪ್ಪಿಕೊಂಡವನಲ್ಲ. ನಿವೃತ್ತನಾದ ಮೇಲೆ ಒಂದು ಸಲ ಒಪ್ಪಿಕೊಂಡೆ. ಅದೂ ಅಂಗಡಿಯಲ್ಲಲ್ಲ, ಸಲಗರ ಬುದ್ರುಕ ಎಂಬ ಹಳ್ಳಿಯಲ್ಲಿ ಒಬ್ಬರ ಮನೆಯ ಕಟ್ಟೆಯ ಮೇಲೆ. ಅದು ಹೇಗಾಯಿತೆಂದು ಬರೆಯುತ್ತೇನೆ. ಓದಿದರೆ ಪಾನಾ ಸೆಟ್ಟಿಗಿಂತ ಹೆಚ್ಚು ಉಪಯೋಗವಾಗಬಹುದು.

ಗ್ಯಾರೇಜಿನ ಮುಂದಿನ ಅರ್ಧವನ್ನು ಬೈಕು ತೊಳೆಯುವ ಇಮ್ತಿಯಾಜನಿಗೆ ಬಾಡಿಗೆಗೆ ಕೊಟ್ಟು ನಾನು ನಿವೃತ್ತನಾದೆ. ಹಿಂದಿನ ಅರ್ಧ ಇಟ್ಟುಕೊಂಡೆ. ನಿವೃತ್ತನಾದವನಿಗೆ ಬೆಳಗಿನ ಹೊತ್ತು ಕೂರಲು ಒಂದು ಜಾಗ ಬೇಕು. ಮನೆಯಲ್ಲಿ ಅಂಥ ಜಾಗ ಇಲ್ಲವೆಂದು ನನ್ನ ಹೆಂಡತಿ ಮೊದಲ ವಾರದಲ್ಲೇ ತಿಳಿಸಿದ್ದಳು.

ಹೋದ ಬೇಸಿಗೆಯಲ್ಲಿ ಮಲ್ಲಿಕಾರ್ಜುನ ಪಾಟೀಲ ಬಂದ. ಅಕ್ಕಲಕೋಟ ತಾಲೂಕಿನವನು; ಕುರನೂರು ಧರಣದ, ಅಂದರೆ ಅಣೆಕಟ್ಟಿನ, ಹಿನ್ನೀರಿನ ದಂಡೆಗೇ ಅವನ ಹೊಲ. ಟ್ರಾಲಿಯಲ್ಲಿ ತಾಡಪತ್ರಿ ಮುಚ್ಚಿದ ಏನೋ ಇತ್ತು.

"ಕಾಕಾ, ಇದನ್ನ ಚಾಲೂ ಮಾಡಿ ಕೊಡ್ರಿ."

"ನಾ ರಿಟಾಯರ ಆಗೀನೋ ಮಲ್ಲಣ್ಣ."

"ಗೊತ್ತೈತ್ರಿ. ಅದಕ್ಕಽ ಪುರಸತ್ತ ಇರತೈತಿ ಅಂತ ತಂದೀನಿ."

ತಾಡಪತ್ರಿ ಎತ್ತಿದೊಡನೆ ಗುರುತು ಹತ್ತಿತು. ಗುರುತು ತಪ್ಪಬೇಕಾದರೆ ಅಂಥದು ಇನ್ನೊಂದಿರಬೇಕು. ಜಿಲ್ಲೆಯಲ್ಲಿ ನಾನು ಕಂಡಿಲ್ಲ. ದನಗಳಿಗೆ ನೀರು ಕುಡಿಸುವ ದೊಡ್ಡ ಬಾನಿಗೆ ಆರು ಡುಬ್ಬ ಗಾಲಿ ಹಚ್ಚಿದರೆ ಹೇಗಿರುತ್ತದೋ ಹಾಗಿರುವ ಗಾಡಿ. ಮೈಯೆಲ್ಲ ದಪ್ಪ ಪ್ಲಾಸ್ಟಿಕ್. ಸ್ಟೇರಿಂಗ್ ಇಲ್ಲ, ಎರಡು ಲಿವರ್ ಇವೆ. ಎಡಗಡೆಯದನ್ನು ಎಳೆದರೆ ಎಡಗಡೆಯ ಮೂರು ಗಾಲಿ ನಿಲ್ಲುತ್ತವೆ, ಬಲಗಡೆಯವು ತಿರುಗುತ್ತ ಗಾಡಿಯನ್ನು ಎಡಕ್ಕೆ ಹೊರಳಿಸುತ್ತವೆ. ರಾಡಿಯಲ್ಲಿ ಹೂಳುವುದಿಲ್ಲ. ನೀರಿಗಿಳಿದರೆ ತೇಲುತ್ತದೆ, ಟಯರಿನ ಹಲ್ಲುಗಳೇ ಹುಟ್ಟು ಹಾಕುತ್ತವೆ. ತಯಾರು ಮಾಡಿದವರು ಅಂದುಕೊಂಡದ್ದು ಹಾಗೆ.

ಮೂವತ್ತು ವರ್ಷದ ಹಿಂದೆ ಇದನ್ನು ಕೊಂಡವರು ಮಲ್ಲಿಕಾರ್ಜುನನ ತಂದೆ, ದೊಡ್ಡ ಪಾಟೀಲರು. ಧರಣದ ಸರ್ವೇಗೆ ಬಂದ ಯಾರೋ ಬಿಟ್ಟುಹೋದದ್ದನ್ನು ಹರಾಜಿನಲ್ಲಿ ಹಿಡಿದಿದ್ದರು. ಹಿನ್ನೀರು ಹಿಂದೆ ಸರಿದಂತೆ ದಂಡೆಯ ಮೇಲಿನ ನೀರೆತ್ತುವ ಮೋಟರನ್ನು ಮೊಣಕಾಲುದ್ದ ರಾಡಿಯಲ್ಲಿ ಮುಂದಕ್ಕೆ ಒಯ್ಯುತ್ತಿರಬೇಕು. ನಾಲ್ಕು ಆಳಿನ ಕೆಲಸ. ಈ ಗಾಡಿಗೆ ಒಬ್ಬ ಸಾಕು. ಲೆಕ್ಕ ಸರಿಯಾಗಿಯೇ ಇತ್ತು.

ಮೊದಲ ದಿನ ನೋಡಲು ಊರೆಲ್ಲ ದಂಡೆಯ ಮೇಲೆ ನೆರೆಯಿತು. ಲಿವರ್ ಹಿಡಿದವನು ಪಾಟೀಲರ ಹೆಂಡತಿ ಗುರುಬಾಯಿಯವರ ತಮ್ಮ, ಸಲಗರ ಬುದ್ರುಕದ ಶರಣಪ್ಪ. ನೂರು ಮಾರು ಹೋಗಿ ತಿರುಗುವಷ್ಟರಲ್ಲಿ ಗಾಡಿ ಮುಳುಗಿತು. ಎದೆಮಟ್ಟದ ನೀರು, ಹಾಗಾಗಿ ಶರಣಪ್ಪ ಬದುಕಿದ. ಟ್ರ್ಯಾಕ್ಟರಿಗೆ ಹಗ್ಗ ಹಚ್ಚಿ ಗಾಡಿಯನ್ನು ಎಳೆದರು. ಅದರ ಹಿಂಬದಿಯಲ್ಲಿ, ಒಳಗೆ ಸೇರಿದ ನೀರು ಬಿಡಲು ಒಂದು ತೂತಿದೆ, ಅದಕ್ಕೊಂದು ಬೂಚು. ಪಾಟೀಲರು ಬಗ್ಗಿ ನೋಡಿದಾಗ ಬೂಚು ಇರಲಿಲ್ಲ.

"ಒಂದ್ ಬೂಚ ಹಾಕಾಕ ಬರಂಗಿಲ್ಲ, ಇಂವಾ ಗಂಡಸ ಅಂತ!" ಎಂದು ಊರಮಂದಿಯ ಮುಂದೆ ಅಂದರು.

ಶರಣಪ್ಪ ತೊಯ್ದ ಬಟ್ಟೆಯಲ್ಲೇ ಎಸ್.ಟಿ. ಬಸ್ಸು ಹತ್ತಿದ. ಬೂಚ ಮಾಮಾ ಎಂಬ ಹೆಸರು ಅವನಿಗಿಂತ ಮೊದಲು ಅವನ ತಾಲೂಕಿನ ಊರು ಮಂಗಳವೇಢೆ ಮುಟ್ಟಿತ್ತು. ಆಮೇಲೆ ಅವನು ಅಕ್ಕನ ಮನೆಯ ಹೊಸ್ತಿಲು ತುಳಿಯಲಿಲ್ಲ, ಪಾಟೀಲರು ತೀರಿಕೊಂಡಾಗಲೂ. ನಮ್ಮ ಕಡೆ ನಾಗರಪಂಚಮಿಗೆ ತವರಿನಿಂದ ಅಣ್ಣನೋ ತಮ್ಮನೋ ಬಂದು ಹೆಣ್ಣುಮಕ್ಕಳನ್ನು ಕರೆದೊಯ್ಯುತ್ತಾರೆ. ಗುರುಬಾಯಿಯವರನ್ನು ಕರೆಯಲು ಮೂವತ್ತು ವರ್ಷ ಯಾರೂ ಬಂದಿರಲಿಲ್ಲ.

ಈ ಕಥೆಯನ್ನು ನಾನು ಗ್ಯಾರೇಜಿನಲ್ಲಿ ಚಹಾ ಕುಡಿಯುವಾಗ ಎಷ್ಟು ಸಲ ಹೇಳಿದ್ದೇನೆಂದರೆ, ಅದು ನನ್ನದೇ ಆಗಿಹೋಗಿತ್ತು. ನಾನು ಹೇಳುವಾಗ ನೂರು ಮಾರು ಇಪ್ಪತ್ತಾಗುತ್ತಿತ್ತು, ಶರಣಪ್ಪ ಬೂಚನ್ನು ಕಿಸೆಯಲ್ಲಿ ಇಟ್ಟುಕೊಂಡೇ ಮುಳುಗುತ್ತಿದ್ದ.

ದರದ ಮಾತಿಗೆ ನಾನು ಪಾಟೀಲರ ಮನೆಗೇ ಹೋದೆ. ಹೊಸಬರು ಇದನ್ನು ಗಮನಿಸಬೇಕು: ದೊಡ್ಡ ಕೆಲಸದ ಚೌಕಾಶಿಯನ್ನು ಗಿರಾಕಿಯ ಮನೆಯಲ್ಲಿ ಮಾಡಿ. ಗ್ಯಾರೇಜಿನಲ್ಲಿ ಎಂಥವನೂ ಜಿಪುಣನಾಗುತ್ತಾನೆ. ಅವನ ಮನೆಯ ಗೋಡೆಗೆ ಅವನ ಅಪ್ಪ ಅಜ್ಜಂದಿರ ಫೋಟೋ ಇರುತ್ತವೆ, ಅಲ್ಲಿ ಆಗುವುದಿಲ್ಲ. ಮಾತು ಬೇಗ ಮುಗಿಯಿತು. ಅಷ್ಟರಲ್ಲಿ ಗುರುಬಾಯಿಯವರು ಹೊರಗೆ ಬಂದರು.

"ಮಿಸ್ತ್ರಿ, ಆ ಗಾಡಿ ನನ್ನ ತಮ್ಮನ್ನ ನುಂಗೇತಿ. ನನ್ನ ಕೇಳಿದ್ರ ಒಲಿಗಿ ಹಾಕ್ರಿ."

"ಪ್ಲಾಸ್ಟಿಕ್ ಐತ್ರಿ ಅಕ್ಕಾರ. ಹೊಗಿ ಭಾಳ ಬರತೈತಿ."

"ಹಂಗಾರ ಒಂದ್ ಮಾತು. ಅದು ನೀರಿಗಿ ಇಳಿಯೂದಾದ್ರ ನನ್ನ ತಮ್ಮನ ಕೈಲೆ ಇಳೀಬೇಕು. ಇಲ್ಲಂದ್ರ ಅಂಗಳದಾಗ ಕೋಳಿ ಮುಚ್ಚಾಕ ಇರಲಿ."

"ಅವ್ವಾ, ಮಾಮಾಗ ಎರಡ ಸಲ ಫೋನ್ ಮಾಡೀನಿ," ಎಂದ ಮಲ್ಲಿಕಾರ್ಜುನ. "ಬೂಚ ಹಾಕಾಕ ಬರವ್ರನ್ನ ಯಾರನ್ನರ ನೋಡ್ಕೋರಿ ಅಂದು ಇಟ್ಟಬಿಡ್ತಾನ."

"ಮತ್ತ ಮಾಡು. ಪಂಚಮಿ ಇನ್ನಾ ಎರಡ ತಿಂಗಳ ಐತಿ," ಎಂದು ಅವರು ಚಹಾ ತರಲು ಒಳಗೆ ಹೋದರು. ಚಹಾ ಚೆನ್ನಾಗಿತ್ತು.

ಕೆಲಸ ಶುರುವಾಯಿತು. ಹಳೆಯ ಕಾಲದಲ್ಲಿ ನಾವು ಎಂಜಿನ್ನಿನ ಕಾಯಿಲೆಯನ್ನು ಕಿವಿಯಿಂದ ಹಿಡಿಯುತ್ತಿದ್ದೆವು. ಈಗ ಎಲ್ಲವೂ ಮೊಬೈಲಿನಲ್ಲಿದೆ. ಇದೇ ನಮೂನೆಯ ಗಾಡಿ ಬಿಚ್ಚುವ ಯಾವುದೋ ದೇಶದವರ ವಿಡಿಯೋಗಳನ್ನು ಮಲ್ಲಿಕಾರ್ಜುನ ಕಳಿಸಿದ. ಮಾತು ಒಂದೂ ತಿಳಿಯಲಿಲ್ಲ. ಕೈ ನೋಡಿದರೆ ಸಾಕು, ತಿಳಿಯುತ್ತದೆ. ಹೊಸಬರು ವಿಡಿಯೋ ನೋಡಿ, ಬೇಡವೆನ್ನುವುದಿಲ್ಲ. ಧ್ವನಿ ಬಂದ್ ಮಾಡಿ ನೋಡಿ.

ಒಳಗಿನ ಸರಪಳಿಗಳು ತುಕ್ಕು ಹಿಡಿದು ಒಂದೇ ಮುದ್ದೆಯಾಗಿದ್ದವು. ಡಿಸೇಲಿನಲ್ಲಿ ಹನ್ನೆರಡು ದಿನ ನೆನೆಹಾಕಿ ಅರ್ಧ ಉಳಿಸಿಕೊಂಡೆ. ಗಾಲಿಯ ಅಕ್ಸಲ್ ಮೈಯೊಳಗೆ ಹೋಗುವ ಆರೂ ಕಡೆ ರಬ್ಬರ್ ಸೀಲು ಹೊಸದು ಬೇಕಿತ್ತು. ಅಂಗಡಿಯಲ್ಲಿ 'ದೋಣಿಗೆ' ಎಂದು ಬಾಯಿ ಬಿಡಲಿಲ್ಲ; ಹಳೆಯ ಪಂಪಿಗೆ ಎಂದೆ. ಸೀಟಿನ ರೆಕ್ಸಿನ್ನಿಗೆ ನವಿ ಪೇಠದ ಬಜಾರಿಗೆ ಹೋದಾಗ ಮನೆಯ ಜೋಕಾಲಿಗೆ ಎಂದೆ. ಒಂದು ವಸ್ತು ಯಾತಕ್ಕೆ ಬೇಕೆಂದು ಅಂಗಡಿಯವನಿಗೆ ಖರೆ ಹೇಳಿದರೆ ಅವನು ವಸ್ತುವಿಗಲ್ಲ, ನಿಮ್ಮ ಗರಜಿಗೆ ಬೆಲೆ ಹೇಳುತ್ತಾನೆ.

ತಪ್ಪು ಮಾಡಲಿಲ್ಲವೇ ಎಂದರೆ, ಮಾಡಿದೆ. ಹೊಸ ಟಯರುಗಳಿಗೆ ಟ್ರಾಲಿಯ ಅಂದಾಜಿನಲ್ಲಿ ಗಾಳಿ ತುಂಬಿದೆ. ಈ ಟಯರಿಗೆ ಬೇಕಾದದ್ದು ಬಾಯಿಂದ ಊದಿದಷ್ಟು ಗಾಳಿ, ಹೆಬ್ಬೆರಳು ಒತ್ತಿದರೆ ಒಳಗೆ ಹೋಗಬೇಕು. ಮಲ್ಲಿಕಾರ್ಜುನ ಕೂತು ಎಕ್ಸಲೇಟರ್ ಒತ್ತಿದ. ಗಾಡಿ ಚೆಂಡಿನಂತೆ ಪುಟಿಯುತ್ತ ಅಂಗಳ ದಾಟಿ, ಇಮ್ತಿಯಾಜ ತೊಳೆದು ಸಾಲಾಗಿ ನಿಲ್ಲಿಸಿದ್ದ ಮೂರು ಬೈಕುಗಳನ್ನು ಮಲಗಿಸಿ ನಿಂತಿತು.

"ಚಾಚಾ, ಇದು ನೀರಿನ್ಯಾಗ ಹೋಗೂದಂತ ಅಂದಿದ್ರಿ," ಎಂದ ಇಮ್ತಿಯಾಜ.

"ಹೌದು. ನೆಲದ ಮ್ಯಾಗ ಅಷ್ಟ ಬರೋಬರ್ ಇಲ್ಲ," ಎಂದೆ.

ಮಳೆಗಾಲ ಹಿಡಿದ ಮೇಲೆ ಸೋರಿಕೆ ನೋಡುವ ದಿನ ಬಂತು. ತೇಲುವ ಗಾಡಿ ಸೋರುತ್ತದೆಯೇ ಎಂದು ತಿಳಿಯಲು ಅದನ್ನು ಕೆರೆಗೆ ಒಯ್ಯಬೇಕಿಲ್ಲ. ಎಂಜಿನ್ ಇಳಿಸಿ, ಇಟ್ಟಿಗೆಯ ಮೇಲೆ ಎತ್ತಿಟ್ಟು, ಒಳಗೆ ನೀರು ತುಂಬಿ ಕೆಳಗೆ ನೋಡಿದರಾಯಿತು. ಇದು ವಿಡಿಯೋದಲ್ಲಿಲ್ಲ, ನನ್ನದೇ ಉಪಾಯ. ಹೊಸ ಬೂಚು ತಿರುವಿ ಹಾಕಿದೆ. ಇಮ್ತಿಯಾಜ ಪೈಪು ಬಿಟ್ಟ. ಆರೂ ಸೀಲು ಒಣಗಿದ್ದವು, ಬೂಚೂ ಒಣಗಿತ್ತು. ನೀರು ಮಾತ್ರ ಗಾಡಿಯ ನಟ್ಟನಡುವೆ ಮೂರು ಧಾರೆಯಾಗಿ ನೆಲಕ್ಕೆ ಬೀಳುತ್ತಿತ್ತು. ಧಾರೆಗಳ ನಡುವಿನ ಅಂತರ ಸಮನಾಗಿತ್ತು.

ಸೀಟಿನ ಪೆಟ್ಟಿಗೆಯ ಕೆಳಗಿನ ಹಲಗೆ ಕಿತ್ತೆ. ಮೂವತ್ತು ವರ್ಷದ ಗಟ್ಟಿ ಮಣ್ಣು ತೊಳೆದುಹೋದ ಜಾಗದಲ್ಲಿ ಮೂರು ತೂತು, ಹೆಬ್ಬೆರಳು ಹೋಗುವಷ್ಟು. ಡ್ರಿಲ್ಲಿನಿಂದ ಹಾಕಿದವಲ್ಲ. ಅಂಚು ಕರಗಿ, ಸುತ್ತಲೂ ತುಟಿಯಂತೆ ಉಬ್ಬಿ ಗಟ್ಟಿಯಾಗಿತ್ತು.

"ಯಾವ ಹುಚ್ಚ ಹಾಕ್ಯಾನ್ರಿ ಚಾಚಾ ಇವನ್ನ?" ಎಂದ ಇಮ್ತಿಯಾಜ.

"ಹಳೇ ಕೆಲಸ ಕಾಣತೈತಿ," ಎಂದೆ.

ಪ್ಲಾಸ್ಟಿಕ್ಕಿಗೆ ಡ್ರಿಲ್ ಹಾಕಿದರೆ ಅಂಚು ಸೀಳುತ್ತದೆ. ಕೆಂಪಗೆ ಕಾಸಿದ ಕಬ್ಬಿಣದ ಸಳಿ ಚುಚ್ಚಿ ತಿರುವಿದರೆ ಅಂಚು ತಾನೇ ಕರಗಿ ಗಟ್ಟಿಯಾಗುತ್ತದೆ, ನೂರು ವರ್ಷಕ್ಕೂ ಸೀಳುವುದಿಲ್ಲ. ಸೋಲಾಪುರದಲ್ಲಿ ಆಗ ಹಾಗೆ ಮಾಡುತ್ತಿದ್ದ ಗ್ಯಾರೇಜು ಒಂದೇ. ಅದರ ಬಗ್ಗೆ ನನಗೆ ಅಭಿಮಾನವೂ ಇತ್ತು.

ಇಲ್ಲಿ ನನ್ನ ಉಸ್ತಾದರ ಮಾತು ಬರುತ್ತದೆ. ಸಿಡುಕಿನ ಮನುಷ್ಯ, ಕೆಲಸ ಕಲಿಸುವಾಗ ಪಾನಾ ಎಸೆಯುತ್ತಿದ್ದರು, ಗುರಿ ಚೆನ್ನಾಗಿತ್ತು. ಗಿರಾಕಿಗೆ ಕೊಸರು ಕೊಡದೆ ಗಾಡಿ ಬಿಡಬಾರದು ಎಂಬುದು ಅವರ ಕಟ್ಟಳೆ. ಕಾಯಿಪಲ್ಲೆ ಮಾರುವವಳು ತೂಕ ಮುಗಿದ ಮೇಲೆ ಒಂದು ಹಿಡಿ ಕೊತ್ತಂಬರಿ ಹಾಕುವುದಿಲ್ಲವೇ, ಹಾಗೆ ಮಿಸ್ತ್ರಿಯೂ ಕೇಳದಿದ್ದ ಒಂದು ಸಣ್ಣ ಕೆಲಸವನ್ನು ಮೇಲಿಂದ ಮಾಡಬೇಕು. ನಾನು ಪಾಲಿಸಿದೆ. ನನ್ನ ಕೊಸರು ತೂತು. ಟ್ರಾಲಿಯಿರಲಿ, ಕೂಲರಿರಲಿ, ಮಳೆನೀರು ನಿಂತು ತಳ ಕೊಳೆಯಬಾರದೆಂದು ಕೆಳಗೆ ಮೂರು ತೂತು ಹಾಕಿ ಕೊಡುತ್ತಿದ್ದೆ. ಈ ಸೀಮೆಯಲ್ಲಿ ನೀರು ಬರುವುದೇ ಅಪರೂಪ. ಬಂದದ್ದು ಒಳಗೆ ನಿಲ್ಲದೆ ಹೋಗಲಿ ಎಂದಷ್ಟೇ ನಮಗೆ ಗೊತ್ತು. ಹೊರಗಿನ ನೀರು ಒಳಗೆ ಬರುವ ಗಾಡಿಯನ್ನು ನಾನು ಅದಕ್ಕೆ ಮೊದಲು ಮುಟ್ಟಿರಲಿಲ್ಲ.

ಹರಾಜಿನಿಂದ ತಂದ ಮರುವಾರ ದೊಡ್ಡ ಪಾಟೀಲರು ಎಂಜಿನ್ ಕೂರುವ ಚೌಕಟ್ಟಿನ ವೆಲ್ಡಿಂಗಿಗೆ ಗಾಡಿಯನ್ನು ನನ್ನಲ್ಲಿಗೇ ತಂದಿದ್ದರು. ಬಹಳ ಎಳೆದಾಡಿ ದರ ಇಳಿಸಿದರು. ನಾನು ವೆಲ್ಡಿಂಗ್ ಮಾಡಿದೆ. ಅದು ನನಗೆ ಚೆನ್ನಾಗಿ ನೆನಪಿತ್ತು. ಕೊಸರು ನೆನಪಿರಲಿಲ್ಲ. ಕೊಸರನ್ನು ಯಾರು ನೆನಪಿಡುತ್ತಾರೆ?

ಆವತ್ತು ಮಾಡಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ತೂತುಗಳಿದ್ದ ಭಾಗವನ್ನು ಅಂಗೈ ಅಗಲಕ್ಕೆ ಕೊಯ್ದು ತೆಗೆದೆ. ಹಳೆಯ ನೀರಿನ ಟಾಕಿಯ ತುಂಡನ್ನು ಅಲ್ಲಿಟ್ಟು, ಬಿಸಿಗಾಳಿಯಿಂದ ಕರಗಿಸಿ ಬೆಸೆದೆ. ಕೊಯ್ದ ತುಂಡನ್ನು ಗ್ರೀಸಿನ ಡಬ್ಬಿಯ ಹಿಂದೆ ಸೇರಿಸಿದೆ. ಬೂಚು ಎಲ್ಲಿ ಹೋಯಿತೆಂಬುದೂ ಈಗ ತಿಳಿಯುತ್ತಿತ್ತು: ಮುಳುಗಿದ ಗಾಡಿಯನ್ನು ದಂಡೆಗೆ ಎಳೆದ ಮೇಲೆ ಯಾರೋ ಒಳಗಿನ ನೀರು ಬಿಡಲು ಅದನ್ನು ಬಿಚ್ಚಿರಬೇಕು. ಯಾರನ್ನೂ ಕೇಳುವ ಹಾಗಿರಲಿಲ್ಲ, ಕೇಳುವ ಮನಸ್ಸೂ ಇರಲಿಲ್ಲ. ಗಾಡಿ ಈಗ ತೇಲುತ್ತದೆ, ನನ್ನ ಕೆಲಸ ಅಷ್ಟೇ ಎಂದುಕೊಂಡೆ.

ಮೂರನೆಯ ದಿನ ಇಮ್ತಿಯಾಜ ತನ್ನ ಗಿರಾಕಿಯೊಬ್ಬನನ್ನು ಕರೆತಂದ. "ಚಾಚಾ, ಇವರಿಗಿ ಬೂಚ ಮಾಮಾನ ಗೋಷ್ಟಿ ಹೇಳ್ರಿ," ಎಂದು ಗಿರಾಕಿಯ ಕಡೆ ತಿರುಗಿದ. "ಇವರು ಹೇಳಬೇಕ್ರಿ, ನೀವು ಕೇಳಬೇಕು!"

ಕಥೆ ಶುರು ಮಾಡಿದೆ. ಇಪ್ಪತ್ತು ಮಾರಿನವರೆಗೆ ಬಂದೆ. ಮುಂದೆ ನನ್ನ ಬಾಯಲ್ಲಿ ಗಾಡಿ ಮುಳುಗಲಿಲ್ಲ. ಚಹಾ ಆರಿತೆಂದು ಹೇಳಿ ಎದ್ದೆ. ಮರುದಿನ ಬೆಳಿಗ್ಗೆ ಆ ತುಂಡನ್ನು ಪೇಪರಿನಲ್ಲಿ ಸುತ್ತಿಕೊಂಡು ಮಂಗಳವೇಢೆಯ ಎಸ್.ಟಿ. ಹತ್ತಿದೆ, ಅಲ್ಲಿಂದ ಸಲಗರ ಬುದ್ರುಕಕ್ಕೆ ಇನ್ನೊಂದು.

ಶರಣಪ್ಪ ಕಟ್ಟೆಯ ಮೇಲೆ ಕೂತು ಕುಂಟೆಗೆ ಹಗ್ಗ ಬಿಗಿಯುತ್ತಿದ್ದ. ಮೀಸೆ ಪೂರ್ತಿ ಬೆಳ್ಳಗಾಗಿತ್ತು.

"ಯಾರ್ರಿ?"

"ಸೋಲಾಪುರದ ಬಸಲಿಂಗ ಮಿಸ್ತ್ರಿರಿ. ಅಕ್ಕಲಕೋಟ ರೋಡಿನ ಮ್ಯಾಗ ಗ್ಯಾರೇಜ್."

"ಬೂಚ ಮಾಮಾನ ಗೋಷ್ಟಿ ಹೇಳವರು?"

"ಹೌದ್ರಿ. ನಾನಽ."

"ಕೂಡ್ರಿ. ಭಾಳ ಚೆಂದ ಹೇಳ್ತೀರಂತ ಕೇಳೀನಿ."

ಕೂತೆ. ಪೇಪರು ಬಿಚ್ಚಿ ತುಂಡನ್ನು ಅವನ ಮುಂದಿಟ್ಟೆ. ಅದು ಎಲ್ಲಿಯದು, ತೂತು ಯಾರು ಹಾಕಿದ್ದು, ಯಾಕೆ ಹಾಕಿದ್ದು ಎಂದು ಹೇಳಿದೆ. ಕೊಸರು ಎನ್ನುವಾಗ ಅವನು ತಲೆ ಎತ್ತಿ ನೋಡಿದ. ಆಮೇಲೆ ತುಂಡನ್ನು ಕೈಗೆ ತೆಗೆದುಕೊಂಡು ಒಂದೊಂದೇ ತೂತಿನಲ್ಲಿ ಹೆಬ್ಬೆರಳು ಹಾಕಿ ತೆಗೆದ.

"ಬೂಚ ಹಾಕಿದ್ನಿ ನಾನು," ಎಂದ. "ಈ ಕೈಲೆ ತಿರುವಿ ಹಾಕಿದ್ನಿ. ಹತ್ತ ವರ್ಷ ಹಂಗಽ ಹೇಳಕೋತ ತಿರಗಿದ್ನಿ, ಯಾರೂ ನಂಬಲಿಲ್ಲ. ಆಮ್ಯಾಲ ನನಗಽ ಸಂಶೇ ಬಂತು. ಈಗ ಇಪ್ಪತ್ತ ವರ್ಷ ಆತು ಮಿಸ್ತ್ರಿ, ನಾನಽ ಮರತಿದ್ನಿ ಅಂತ ತಿಳಕೊಂಡ ಕುಂತೀನಿ."

ನಾನು ಕುಂಟೆಯ ಹಗ್ಗದ ತುದಿ ಹಿಡಿದುಕೊಂಡೆ, ಅವನು ಗಂಟು ಹಾಕಿದ.

"ಈಗ ಏನ್ ಮಾಡಂತೀರಿ?" ಎಂದು ಅವನೇ ಕೇಳಿದ.

"ನಿಮ್ಮ ಅಕ್ಕಾರಿಗಿ ನಾ ಹೋಗಿ ಹೇಳ್ತೀನ್ರಿ."

"ಬರೇ ಅಕ್ಕಗ?"

"ಮಲ್ಲಣ್ಣಗೂ ಹೇಳ್ತೀನಿ."

"ನನಗ ಅಂದಿದ್ದು ದಂಡಿ ಮ್ಯಾಗ, ಊರಮಂದಿ ಮುಂದ. ನೀವೂ ದಂಡಿ ಮ್ಯಾಗ ನಿಂದ್ರಬೇಕು, ಊರಮಂದಿ ಮುಂದ ಹೇಳಬೇಕು. ಮತ್ತ ನಿಮ್ಮ ಗ್ಯಾರೇಜಿನ್ಯಾಗೂ ಹೇಳಬೇಕು. ಮೊದಲಿನಕಿಂತ ಚೆಂದ."

ನಲವತ್ತೈದು ವರ್ಷದ ರೂಢಿ. ಎದುರಿನವನು ಬೆಲೆ ಹೇಳಿದ ಕೂಡಲೇ ನನ್ನ ಬಾಯಿ ಅರ್ಧಕ್ಕೆ ಕೇಳುತ್ತದೆ. ಮನಿಮಂದಿ ಮುಂದ ಸಾಕೇನ್ರಿ, ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಶರಣಪ್ಪ ನನ್ನನ್ನು ನೋಡುತ್ತಿರಲಿಲ್ಲ. ತುಂಡು ಮತ್ತೆ ಅವನ ಕೈಯಲ್ಲಿತ್ತು, ಹೆಬ್ಬೆರಳು ಮೂರನೆಯ ತೂತಿನಲ್ಲಿತ್ತು.

"ಆತ್ರಿ," ಎಂದೆ.

ಪಂಚಮಿಗೆ ಮೂರು ದಿನ ಮೊದಲು ಗಾಡಿ ದಂಡೆಗೆ ಬಂತು. ಧರಣ ತುಂಬಿತ್ತು. ಮೂವತ್ತು ವರ್ಷದ ಹಿಂದೆ ನೋಡಿದವರೂ, ಕೇಳಿ ಕೇಳಿ ನೋಡಿದಷ್ಟೇ ಗೊತ್ತಿದ್ದವರೂ ಬಂದು ನಿಂತಿದ್ದರು. ಶರಣಪ್ಪ ಎಲ್ಲರಿಂದ ದೂರ, ಒಂದು ಬೇವಿನ ಗಿಡದ ಕೆಳಗೆ ಇದ್ದ. ನಾನು ಟ್ರಾಲಿ ಹತ್ತಿ ಆ ತುಂಡನ್ನು ಎತ್ತಿ ಹಿಡಿದೆ, ತೂತುಗಳಿಂದ ಆಕಾಶ ಕಾಣುವ ಹಾಗೆ.

"ಶರಣಪ್ಪಾರು ಬೂಚ ಹಾಕಿದ್ರು. ಗಾಡಿ ಮುಳುಗಿಸಿದಂವ ನಾನು. ಇವು ನಾನು ಹಾಕಿದ ತೂತು. ಯಾರೂ ಕೇಳಿದ್ದಿಲ್ಲ, ಕೊಸರಿಗಿ ಅಂತ ಹಾಕಿದ್ನಿ. ಮ್ಯಾಲ ಮೂವತ್ತ ವರ್ಷ ಅವರ ಹೆಸರ ಹೇಳಿ ನಾನಽ ನಗಿಸೀನಿ."

ಹಿಂದಿನಿಂದ ಒಬ್ಬ ಮುದುಕ ಕೂಗಿದ: "ಅಂದ್ರ ಇನ್ನ ತೂತ ಮಿಸ್ತ್ರಿ ಅನ್ನೂಣೇನ್ರಿ?"

ದಂಡೆಯೆಲ್ಲ ನಕ್ಕಿತು. ಆ ಸಂಜೆ ನಾನು ಸೋಲಾಪುರ ಮುಟ್ಟುವ ಮೊದಲೇ ಆ ಹೆಸರು ಗ್ಯಾರೇಜು ಮುಟ್ಟಿ, ಇಮ್ತಿಯಾಜನ ಬಾಯಲ್ಲಿ ಕೂತಿತ್ತು. ಕೊಟ್ಟ ಮಾತಿನಂತೆ ಅವನಿಗೂ ಅವನ ಗಿರಾಕಿಗಳಿಗೂ ಕಥೆಯನ್ನು ಹೊಸ ರೀತಿಯಲ್ಲಿ ಹೇಳಿದೆ, ಈಗಲೂ ಹೇಳುತ್ತೇನೆ. ಹಳೆಯದಕ್ಕಿಂತ ಚೆನ್ನಾಗಿದೆಯಂತೆ. ಕೆಲಸಕ್ಕೆ ಹೊಸದಾಗಿ ಬರುವವರಿಗೆ ನನ್ನ ಸಲಹೆ ಇಷ್ಟೇ: ಕೊಸರು ಕೊಡಿ, ಬೇಡವೆನ್ನುವುದಿಲ್ಲ. ಗಿರಾಕಿಯನ್ನು ಕೇಳಿ ಕೊಡಿ.

ಆದರೆ ಅದು ಸಂಜೆಯ ಮಾತು. ದಂಡೆಯ ಮೇಲೆ ಇನ್ನೂ ಕೆಲಸ ಬಾಕಿ ಇತ್ತು. ಶರಣಪ್ಪ ಗಿಡದ ನೆರಳು ಬಿಟ್ಟು ಬಂದ. ಬೂಚನ್ನು ಎರಡು ಬೆರಳಲ್ಲಿ ಹಿಡಿದು ಎಲ್ಲರಿಗೂ ತೋರಿಸಿದ, ಕೂತು ತಿರುವಿ ಹಾಕಿದ. ಗುರುಬಾಯಿಯವರು ಹಸಿರು ಇಳಕಲ್ಲ ಸೀರೆಯುಟ್ಟು, ಕೈಯಲ್ಲಿ ಬಟ್ಟೆಯ ಚೀಲ ಹಿಡಿದು ನಿಂತಿದ್ದರು. ಊರಿಗೆ ಹೊರಟವರ ಚೀಲದಂತೆ ಅದು ತುಂಬಿತ್ತು.

"ತಮ್ಮಾ, ಇನ್ನೊಮ್ಮಿ ಕೈ ಹಚ್ಚಿ ನೋಡು," ಎಂದರು.

ಅವನು ಮತ್ತೆ ಬಗ್ಗಿ ಇನ್ನೊಮ್ಮೆ ಕೈ ಹಚ್ಚಿ ನೋಡಿದ. ಗಾಡಿ ಹತ್ತಿ ಲಿವರ್ ಹಿಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಬರ್ರಿ ಮಿಸ್ತ್ರಿ."

"ನನಗ ಈಸಾಕ ಬರಂಗಿಲ್ರಿ."

"ಆವತ್ತ ನನಗೂ ಬರ್ತಿದ್ದಿಲ್ಲ."

ಹತ್ತಿದೆ. ಆರು ಗಾಲಿಗಳು ರಾಡಿ ದಾಟಿದವು, ನೀರು ಬಂತು. ಕೆಳಗೆ ನೆಲ ತಪ್ಪಿತು, ನಾನು ಸೀಟಿನ ಅಂಚು ಹಿಡಿದುಕೊಂಡೆ. ಟಯರಿನ ಹಲ್ಲುಗಳು ನೀರು ಬಡಿಯುತ್ತಿದ್ದವು, ನಾವು ಮೆಲ್ಲಗೆ, ಎಮ್ಮೆ ಹೋದ ಹಾಗೆ, ಮುಂದೆ ಹೋಗುತ್ತಿದ್ದೆವು. ನಾನು ಮಾರು ಎಣಿಸಿದೆ. ಇಪ್ಪತ್ತು ದಾಟಿತು. ನೂರು ದಾಟಿತು. ಅಲ್ಲಿ ಶರಣಪ್ಪ ಎಕ್ಸಲೇಟರ್ ಬಿಟ್ಟು ಗಾಡಿಯನ್ನು ನೀರಿನ ಮೇಲೆ ಹಾಗೇ ನಿಲ್ಲಿಸಿದ.

"ಈ ಸಲ ಕೊಸರಿಗಿ ಏನ್ ಹಾಕೀರಿ?"

"ಏನೂ ಹಾಕಿಲ್ರಿ. ಹೇಳಿದಷ್ಟಽ ಮಾಡೀನಿ."

ಅವನು ಬಗ್ಗಿ ಸೀಟಿನ ಕೆಳಗಿನ ಹಲಗೆ ಸರಿಸಿ, ತೇಪೆಯ ಮೇಲೆ ಅಂಗೈ ಇಟ್ಟ. ಸ್ವಲ್ಪ ಹೊತ್ತು ಇಟ್ಟುಕೊಂಡೇ ಇದ್ದ. ಕೈ ತೆಗೆದು ನೋಡಿದ. ಒಣಗಿತ್ತು.

"ಛಲೋ ಆತು," ಎಂದು ಎಡಗಡೆಯ ಲಿವರ್ ಎಳೆದ. ಗಾಡಿ ಅಲ್ಲೇ ಹೊರಳಿ, ಚೀಲ ಹಿಡಿದು ನಿಂತಿದ್ದ ಅವನ ಅಕ್ಕನ ಕಡೆ ಮುಖ ಮಾಡಿತು.